ಮೂವತ್ತೋ, ಮೂವತ್ತೆರಡೋ: ಇಸ್ತಾಂಬುಲ್‌ನಲ್ಲಿ ಗೈಡ್ ಜೊತೆ ಒಂದು ದಿನ

(ವಿಜಯಪುರದಲ್ಲಿ ಇತಿಹಾಸದ ಹುಚ್ಚಿರುವ ನಾವು ಕೆಲವರು ತಿಂಗಳಿಗೊಮ್ಮೆ ಒಂದು ಕಡೆ ಕೂಡುತ್ತೇವೆ. ಅಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಬಿಗಿ ಮಾಡಿದ್ದೇನೆ, ಧಾಟಿ ಬದಲಿಸಿಲ್ಲ.)

ಎಲ್ಲರಿಗೂ ನಮಸ್ಕಾರ.

ನಮ್ಮದು ಗೈಡುಗಳ ಊರು. ಗೋಲಗುಮ್ಮಟದ ಗೇಟಿನ ಮುಂದೆ ಎರಡು ನಿಮಿಷ ನಿಂತರೆ ಸಾಕು, "ಗೈಡ್ ಬೇಕೇನ್ರಿ ಸರ್, ಎಲ್ಲಾ ತೋರಸ್ತೀನ್ರಿ" ಅಂತ ಒಬ್ಬರು ಬಂದೇ ಬರುತ್ತಾರೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವನು ನಾನು. ಅವರನ್ನು ಕಂಡರೆ ನನಗೆ ಒಳಗೊಳಗೇ ಉರಿ. ನಾನು ವಾರಗಟ್ಟಲೆ ಕೂತು ಹೇಳಿದ ಪಾಠವನ್ನು ಮಕ್ಕಳು ಮರೆತು, ಗುಮ್ಮಟದ ಮೇಲೆ ಗೈಡ್ ಹೇಳಿದ ಪ್ರೇಮಕಥೆಯನ್ನು ಪರೀಕ್ಷೆಯಲ್ಲಿ ಬರೆದು ಬರುತ್ತಿದ್ದರು. ಹಾಗಾಗಿ ಜೀವನದಲ್ಲಿ ಒಬ್ಬ ಗೈಡಿಗೂ ಒಂದು ರೂಪಾಯಿ ಕೊಟ್ಟವನಲ್ಲ. ಕೊಟ್ಟದ್ದು 2024ರ ಅಕ್ಟೋಬರ್‌ನಲ್ಲಿ, ಅದೂ ಇಸ್ತಾಂಬುಲ್‌ನಲ್ಲಿ, ಅದೂ ಮನೆಯವರ ಒತ್ತಾಯಕ್ಕೆ.

ಜರ್ಮನಿಯಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಬರುವ ವಿಮಾನ ಇಸ್ತಾಂಬುಲ್ ಮೇಲೆ. ಷೆಂಗೆನ್ ವೀಸಾ ಇದ್ದ ಭಾರತೀಯರಿಗೆ ಟರ್ಕಿಯ ಇ-ವೀಸಾ ಸಿಗುತ್ತದೆ ಅಂತ ಮಗನೇ ಹುಡುಕಿ ತೆಗೆದು, ನಡುವೆ ಎರಡು ರಾತ್ರಿ ಇಳಿಸಿದ. ನೋಡಲು ಇದ್ದದ್ದು ನಿಜಕ್ಕೂ ಒಂದೇ ದಿನ. "ಒಂದ ದಿನದಾಗ ನೀವು ನಕಾಶಿ ಹಿಡಕೊಂಡು ದಾರಿ ತಪ್ಪೋದರಾಗ ಕತ್ತಲಾಕ್ಕೈತಿ, ಸುಮ್ಮ ಟೂರಿಗೆ ದುಡ್ಡು ಕಟ್ಟರೀ" ಅಂದರು ನಮ್ಮ ಮನೆಯವರು. ಕಟ್ಟಿದೆ.

ಇಷ್ಟಕ್ಕೂ ಇಸ್ತಾಂಬುಲ್ ಯಾಕೆ? ವಿಜಯಪುರದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಆಳಿದ ಆದಿಲ್‌ಶಾಹಿ ಮನೆತನದ ಮೂಲಪುರುಷ, ನಮ್ಮ ಯೂಸುಫ್ ಆದಿಲ್ ಶಾಹ, ಆಟೊಮನ್ ಸುಲ್ತಾನ ಎರಡನೇ ಮುರಾದನ ಮಗ, ಅಣ್ಣ ಪಟ್ಟಕ್ಕೆ ಬಂದಾಗ ತಮ್ಮಂದಿರನ್ನು ಮುಗಿಸುವ ಪದ್ಧತಿಗೆ ಹೆದರಿ ತಾಯಿ ಬೇರೊಬ್ಬ ಹುಡುಗನನ್ನು ಒಪ್ಪಿಸಿ ಈತನನ್ನು ಪರ್ಷಿಯಾಕ್ಕೆ ಸಾಗಿಸಿದಳು ಅಂತ ಹಳೆಯ ಚರಿತ್ರೆಕಾರ ಫೆರಿಷ್ತಾ ಬರೆದಿದ್ದಾನೆ. ಆ ಅಣ್ಣನೇ 1453ರಲ್ಲಿ ಕಾನ್‌ಸ್ಟಾಂಟಿನೋಪಲ್, ಅಂದರೆ ಇದೇ ಇಸ್ತಾಂಬುಲ್, ಗೆದ್ದ ಮೆಹಮೆದ್. ಇತಿಹಾಸಕಾರರು ಇದನ್ನು ನಂಬುವುದಿಲ್ಲ. ನಾನೂ ನಂಬುವುದಿಲ್ಲ. ಆದರೆ ಫೆರಿಷ್ತಾ ಕೂತು ಬರೆದದ್ದು ಇದೇ ಊರಿನ ಆಸ್ಥಾನದಲ್ಲಿ, ಅನ್ನ ಹಾಕಿದ ಮನೆತನಕ್ಕೆ ಒಂದು ದೊಡ್ಡ ಬೇರು ಬೇಕಿತ್ತು. ಇನ್ನು ನಮ್ಮ ಮಲಿಕ್-ಎ-ಮೈದಾನ್ ತೋಪು ಎರಕ ಹೊಯ್ದವನ ಹೆಸರು ಮಹಮ್ಮದ್ ಬಿನ್ ಹಸನ್ ರೂಮಿ, ವರ್ಷ 1549, ಜಾಗ ಅಹಮದ್‌ನಗರ. ರೂಮಿ ಅಂದರೆ ರೂಮ್ ದೇಶದವನು, ಅಂದರೆ ಆ ಕಡೆಯವನು. ಕಥೆ ಸುಳ್ಳಾದರೂ ತೋಪು ಸುಳ್ಳಲ್ಲವಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಸುಲ್ತಾನ್‌ಅಹ್ಮೆತ್ ಚೌಕದಲ್ಲಿ ಕಾರಂಜಿಯ ಪಕ್ಕ ಕೂಡಬೇಕಿತ್ತು. ಹದಿನಾಲ್ಕು ಮಂದಿ. ಗೈಡ್ ನಲವತ್ತರ ಆಸುಪಾಸಿನ ಹೆಣ್ಣುಮಗಳು, ಕೈಯಲ್ಲಿ ಮಡಚಿದ ಹಳದಿ ಛತ್ರಿ, ಕೊರಳಲ್ಲಿ ಫೋಟೋ ಇರುವ ಬಿಲ್ಲೆ. ಆ ಬಿಲ್ಲೆಗೆ ಕೊಕಾರ್ತ್ ಅನ್ನುತ್ತಾರೆ. ಟರ್ಕಿಯಲ್ಲಿ ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಸಚಿವಾಲಯದ ಪರವಾನಗಿ ಇಲ್ಲದೆ ಗೈಡ್ ಕೆಲಸ ಮಾಡುವ ಹಾಗಿಲ್ಲ, ಅದಕ್ಕೆ 2012ರ ಕಾನೂನೇ ಇದೆ. ಓದಬೇಕು, ಪರೀಕ್ಷೆ ಪಾಸಾಗಬೇಕು, ಯಾವ ಭಾಷೆಯಲ್ಲಿ ಹೇಳಬಹುದು ಅನ್ನುವುದೂ ಪರವಾನಗಿಯಲ್ಲೇ ನಮೂದಾಗಿರುತ್ತದೆ. ಪರೀಕ್ಷೆ ಅಂದ ಕೂಡಲೇ ನನ್ನೊಳಗಿನ ಮಾಸ್ತರನಿಗೆ ಸ್ವಲ್ಪ ಸಮಾಧಾನವಾಯಿತು. ಎಲ್ಲರ ಕಿವಿಗೂ ಒಂದೊಂದು ಸಣ್ಣ ರೇಡಿಯೋ ಸಿಕ್ಕಿಸಿದರು. ಆಕೆ ದೂರದಲ್ಲಿ ಪಿಸುಗುಟ್ಟಿದರೂ ಕಿವಿಯೊಳಗೆ ಕೇಳುತ್ತದೆ. ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಯನ್ನು ಜೇಬಿನಲ್ಲಿ ಇಟ್ಟುಕೊಂಡ ಹಾಗೆ.

ಮೊದಲು ಹೋದದ್ದು ಎದುರಿಗೇ ಇದ್ದ ಕುದುರೆ ಮೈದಾನಕ್ಕೆ. ತುರ್ಕಿಯಲ್ಲಿ ಅಟ್ ಮೆಯ್ದಾನಿ, ನಮ್ಮ ಮೈದಾನದ ಮೈದಾನವೇ. ರೋಮನ್ನರ ಕಾಲದಲ್ಲಿ ರಥದ ಓಟ ನಡೆಯುತ್ತಿದ್ದ ಜಾಗ. ಈಗ ಉದ್ಯಾನದ ಹಾಗಿದೆ, ನಡುವೆ ಸಾಲಾಗಿ ಮೂರು ಕಂಬ. ಅದರಲ್ಲಿ ಒಂದನ್ನು ಕುರಿತು ಇವತ್ತು ಹೆಚ್ಚು ಹೊತ್ತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಅದು ಈಜಿಪ್ಟಿನ ಒಬೆಲಿಸ್ಕ್. ನಾಲ್ಕು ಮುಖದ ಗುಲಾಬಿ ಗ್ರಾನೈಟ್ ಕಂಬ, ಮೈತುಂಬ ಹಕ್ಕಿ, ಹಾವು, ಕಣ್ಣಿನ ಚಿತ್ರಲಿಪಿ. ಮೂರನೇ ತುಥ್‌ಮೋಸ್ ಕ್ರಿ.ಪೂ. 15ನೇ ಶತಮಾನದಲ್ಲಿ ಕಾರ್ನಾಕ್ ದೇವಾಲಯಕ್ಕೆ ಮಾಡಿಸಿದ್ದು. ಅದನ್ನು ರೋಮನ್ನರು ನೈಲ್ ನದಿಗುಂಟ ಅಲೆಕ್ಸಾಂಡ್ರಿಯಾಕ್ಕೆ ಇಳಿಸಿ, ಅಲ್ಲಿಂದ ಹಡಗಿಗೆ ಹಾಕಿ ಇಲ್ಲಿಗೆ ತಂದರು. 390ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್ ಎತ್ತಿ ನಿಲ್ಲಿಸಿದ. ಕಂಬದ ಬುಡ ಈಗಿನ ನೆಲಕ್ಕಿಂತ ಆಳದಲ್ಲಿದೆ. ಕಟಕಟೆ ಹಿಡಿದು ಬಗ್ಗಿ ನೋಡಬೇಕು. ಕಂಬ ನೇರವಾಗಿ ಪೀಠದ ಮೇಲೆ ಕೂತಿಲ್ಲ, ನಾಲ್ಕು ಮೂಲೆಯಲ್ಲಿ ನಾಲ್ಕು ಕಂಚಿನ ದಿಮ್ಮಿ, ಅವುಗಳ ಮೇಲೆ ಅಷ್ಟೂ ಭಾರ. ನಡುವೆ ಆಚೆಯ ಬೆಳಕು ಕಾಣುತ್ತದೆ. ಹದಿನಾರು ನೂರು ವರ್ಷದಿಂದ ಎಷ್ಟು ಭೂಕಂಪ ಆಗಿದೆಯೋ ಆ ಊರಿನಲ್ಲಿ, ಕಂಬ ಮಾತ್ರ ನಾಲ್ಕು ಕಾಲಿನ ಮಂಚದ ಹಾಗೆ ನಿಂತಿದೆ.

ಪೀಠದ ಒಂದು ಬದಿಗೆ ಲ್ಯಾಟಿನ್ ಶಾಸನ, ಎದುರು ಬದಿಗೆ ಗ್ರೀಕ್ ಶಾಸನ. ಲ್ಯಾಟಿನ್ನಿನಲ್ಲಿ ಕಲ್ಲೇ ಮಾತಾಡುತ್ತದೆ: ಮೊದಲು ನಾನು ಹಟ ಹಿಡಿದಿದ್ದೆ, ಥಿಯೋಡೋಸಿಯಸ್‌ಗೆ ಎಲ್ಲವೂ ಮಣಿಯುತ್ತದೆ, ನಾನೂ ಮಣಿದೆ, ಮೂರು ಹತ್ತು ದಿನದಲ್ಲಿ ನನ್ನನ್ನು ಆಕಾಶಕ್ಕೆ ಎತ್ತಿದರು ಅಂತ. ಗ್ರೀಕ್ ಶಾಸನ ಹೇಳುವುದೂ ಹೆಚ್ಚುಕಡಿಮೆ ಅದನ್ನೇ. ಅಲ್ಲಿ ಮಾತ್ರ ದಿನ ಮೂವತ್ತೆರಡು.

ನಮ್ಮ ಗೈಡ್ ಲ್ಯಾಟಿನ್ ಬದಿಗೆ ನಿಂತು "ಮೂವತ್ತು" ಅಂದರು. ಆಮೇಲೆ ಹದಿನಾಲ್ಕೂ ಮಂದಿಯನ್ನು ಸುತ್ತು ಹಾಕಿಸಿ ಗ್ರೀಕ್ ಬದಿಗೆ ತಂದು "ಮೂವತ್ತೆರಡು" ಅಂದರು. ಅಂದು ಸುಮ್ಮನೆ ನಿಂತರು. ಒಬ್ಬ ಆಸ್ಟ್ರೇಲಿಯಾದವರು "ಯಾವುದು ಸರಿ?" ಅಂತ ಕೇಳಿದರು. "ಒಂದೇ ಪೀಠ, ಒಂದೇ ವರ್ಷ, ಒಂದೇ ಸರ್ಕಾರ. ಮುಂದೆ ಇವತ್ತು ನಾನು ಏನೇ ಅಂಕಿ ಹೇಳಿದರೂ ಇದನ್ನು ನೆನಪಿಟ್ಟುಕೊಳ್ಳಿ" ಅಂದರು ಆಕೆ. ನನಗೆ ಅಲ್ಲೇ ಕೈ ಮುಗಿಯಬೇಕು ಅನ್ನಿಸಿತು. ಮೂವತ್ತು ವರ್ಷದಲ್ಲಿ ನಾನು ಒಂದು ತರಗತಿಗೂ ಈ ಪಾಠವನ್ನು ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ. ನಾನು ಹೇಳಿಕೊಟ್ಟದ್ದು ಇಸವಿ, ಅದೂ ಒಂದೇ ಇಸವಿ.

ಇನ್ನೊಂದಿದೆ. ಎರಡೂ ಶಾಸನದಲ್ಲಿ ಕೆಲಸ ಮಾಡಿಸಿದ ಅಧಿಕಾರಿಯ ಹೆಸರಿದೆ, ಪ್ರೊಕ್ಲಸ್. ಕೆಲವೇ ವರ್ಷದಲ್ಲಿ ಆತ ಅರಮನೆಯ ರಾಜಕೀಯದಲ್ಲಿ ಸಿಕ್ಕಿಬಿದ್ದ, ತಲೆ ಹೋಯಿತು. ಕಲ್ಲಿನ ಮೇಲಿನ ಹೆಸರನ್ನೂ ಉಳಿಯಿಂದ ಕೆತ್ತಿ ತೆಗೆದರು. ಆಮೇಲೆ ಮನಸ್ಸು ಬದಲಾಗಿ ಮತ್ತೆ ಅದೇ ಜಾಗದಲ್ಲಿ ಬರೆಸಿದರು. ಉದ್ಘಾಟನೆಯ ಕಲ್ಲಿನಲ್ಲಿ ಹೆಸರು ಬದಲಿಸುವ ಚಾಳಿ ನಮ್ಮ ಜಿಲ್ಲೆಯದೇ ಆವಿಷ್ಕಾರ ಅಂದುಕೊಂಡಿದ್ದೆ.

ಅದರ ಪಕ್ಕದ ಹಾವಿನ ಕಂಬ ಇನ್ನೂ ಹಳೆಯ ಯುದ್ಧದ್ದು. ಕ್ರಿ.ಪೂ. 479ರಲ್ಲಿ ಪ್ಲಾಟಿಯಾದಲ್ಲಿ ಪರ್ಷಿಯನ್ನರನ್ನು ಸೋಲಿಸಿದ ಗ್ರೀಕರು ಡೆಲ್ಫಿಯ ದೇವರಿಗೆ ಅರ್ಪಿಸಿದ್ದು. ಮೂರು ಹಾವು ಹುರಿಹಗ್ಗದ ಹಾಗೆ ಹೆಣೆದ ಕಂಚಿನ ಕಂಬ. ಹೆಡೆಗಳಿಲ್ಲ, ಒಂದರ ಮೇಲ್ದವಡೆ ಅಲ್ಲಿಯ ಮ್ಯೂಸಿಯಂನಲ್ಲಿದೆ.

ಇಲ್ಲಿ ನಿಮಗೊಂದು ವಿಷಯ ಹೊಳೆದಿರಬೇಕು. ಈಜಿಪ್ಟಿನ ಗುಡಿಯ ಕಂಬ, ಗ್ರೀಕರ ಗುಡಿಯ ಕಂಬ, ನಿಲ್ಲಿಸಿದ್ದು ಕ್ರೈಸ್ತ ಚಕ್ರವರ್ತಿಗಳು, ಉಳಿಸಿಕೊಂಡದ್ದು ಮುಸ್ಲಿಂ ಸುಲ್ತಾನರು. ಇನ್ನೂ ಒಂದು ದೇವಸ್ಥಾನದ ಬಾಗಿಲೂ ದಾಟಿಲ್ಲ ನಾವು.

ಮುಂದೆ ನೀಲಿ ಮಸೀದಿ. ಪ್ರಾರ್ಥನೆಯ ಹೊತ್ತಿಗೆ ಪ್ರವಾಸಿಗಳನ್ನು ಬಿಡುವುದಿಲ್ಲ, ಹಾಗಾಗಿ ನಡುವಿನ ಹೊತ್ತು ನೋಡಿ ಹೋಗಬೇಕು. ಟಿಕೆಟ್ ಇಲ್ಲ. ಬಾಗಿಲಲ್ಲಿ ಹೆಂಗಸರು ತಲೆ ಮುಚ್ಚಬೇಕು. ನಮ್ಮ ಗುಂಪಿನವರು ಚೀಲದಲ್ಲಿ ಸ್ಕಾರ್ಫ್ ಹುಡುಕುತ್ತಿದ್ದರೆ ನಮ್ಮ ಮನೆಯವರು ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮುಂದೆ ನಡೆದೇಬಿಟ್ಟರು. ಬಾಗಿಲು ಕಾಯುವವನು ಟೋಪ ತೆನೆ ಸೆರಗನ್ನೇ ನೋಡುತ್ತ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಊರಲ್ಲಿ ದರ್ಗಾಕ್ಕೆ ಹೋದಾಗಲೂ, ಸಿದ್ಧೇಶ್ವರ ಗುಡಿಗೆ ಹೋದಾಗಲೂ ಮಾಡುವುದು ಅದನ್ನೇ ಅಲ್ಲವೇ.

ಇದನ್ನು ಕಟ್ಟಿಸಿದ ಒಂದನೇ ಅಹ್ಮೆತ್ ಹದಿಮೂರಕ್ಕೆ ಪಟ್ಟವೇರಿದವನು. 1609ರಲ್ಲಿ ಕೆಲಸ ಶುರು ಮಾಡಿಸಿದ, 1617ರಲ್ಲಿ ಇಪ್ಪತ್ತೇಳಕ್ಕೇ ತೀರಿಹೋದ. ಮಿನಾರು ಆರು. ಸುಲ್ತಾನ "ಅಲ್ತಿನ್", ಅಂದರೆ ಚಿನ್ನದ್ದು, ಅಂದಿದ್ದನಂತೆ, ಶಿಲ್ಪಿಗೆ "ಅಲ್ತಿ", ಅಂದರೆ ಆರು, ಅಂತ ಕೇಳಿಸಿತಂತೆ. ಗೈಡ್ ಇದನ್ನು ರಸವತ್ತಾಗಿ ಹೇಳಿ, ಎಲ್ಲರೂ ನಕ್ಕ ಮೇಲೆ, "ಇದು ಗೈಡುಗಳ ಕಥೆ, ಹೇಳದಿದ್ದರೆ ನನ್ನ ಬಿಲ್ಲೆ ಕಿತ್ತುಕೊಳ್ಳುತ್ತಾರೆ" ಅಂದರು. ಒಳಗೆ ನಾಲ್ಕು ದೊಡ್ಡ ಕಂಬ, ಆನೆಕಾಲು ಅಂತಲೇ ಅವುಗಳ ಹೆಸರು, ಗೋಡೆಗೆ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ಇಜ್ನಿಕ್ ಹೆಂಚು. ಚೆಂದ. ಆದರೆ ನಿಜ ಹೇಳಲಾ, ನನ್ನ ಕಣ್ಣು ಹಿಂದಿನ ಗುಮ್ಮಟದ ಮೇಲೇ ಇತ್ತು.

ಆಯಾಸೋಫಿಯಾ. ನಾವು ಪುಸ್ತಕದಲ್ಲಿ ಹಾಗಿಯಾ ಸೋಫಿಯಾ ಅಂತ ಬರೆಸಿದ್ದು. ಅದರ ಹುಟ್ಟಿನ ಕಥೆ ಮತ್ತೆ ಕುದುರೆ ಮೈದಾನಕ್ಕೇ ಹೋಗುತ್ತದೆ. ರಥದ ಓಟದಲ್ಲಿ ನೀಲಿ ಪಕ್ಷ, ಹಸಿರು ಪಕ್ಷ ಅಂತ ಅಭಿಮಾನಿಗಳ ಎರಡು ಗುಂಪು. 532ರ ಜನವರಿಯಲ್ಲಿ ಎರಡೂ ಒಂದಾಗಿ ಚಕ್ರವರ್ತಿ ಜಸ್ಟಿನಿಯನ್ ವಿರುದ್ಧ ತಿರುಗಿಬಿದ್ದರು, ಊರಿಗೆ ಬೆಂಕಿ ಬಿತ್ತು, ಹಳೆಯ ಚರ್ಚು ಸುಟ್ಟುಹೋಯಿತು. ಸೈನ್ಯ ಮೈದಾನದೊಳಗೆ ನುಗ್ಗಿ ಮೂವತ್ತು ಸಾವಿರ ಜನರನ್ನು ಕೊಂದಿತು ಅಂತ ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. (ಅಂಕಿ ಬಂತು. ಮೂವತ್ತೆರಡು ಸಾವಿರವೂ ಇರಬಹುದು.) ಒಂದೂವರೆ ತಿಂಗಳೊಳಗೆ ಹೊಸ ಕಟ್ಟಡದ ಕೆಲಸ ಶುರು, 537ರ ಡಿಸೆಂಬರ್ 27ಕ್ಕೆ ಪ್ರವೇಶ. ಆರು ವರ್ಷವೂ ತುಂಬಿರಲಿಲ್ಲ. ಮಾಡಿಸಿದವರು ಆಂಥೆಮಿಯಸ್ ಮತ್ತು ಇಸಿಡೋರ್, ಇಬ್ಬರೂ ರೇಖಾಗಣಿತದವರು. ಗಣಿತದವರಿಗೆ ಕಟ್ಟಡ ಕೊಟ್ಟರೆ ಆಗುವುದು ಆಯಿತು: ಇಪ್ಪತ್ತು ವರ್ಷಕ್ಕೆ, 558ರಲ್ಲಿ, ಭೂಕಂಪಗಳ ಬೆನ್ನಿಗೆ ಗುಮ್ಮಟ ಕುಸಿಯಿತು. ಇಸಿಡೋರನ ಬಳಗದ ಇನ್ನೊಬ್ಬ ಇಸಿಡೋರ್ ಅದನ್ನು ಇನ್ನೂ ಎತ್ತರಿಸಿ ಕಟ್ಟಿದ, 562ಕ್ಕೆ ಮುಗಿಯಿತು.

ಈಗ ನಮ್ಮೂರಿನ ಅಭಿಮಾನ. ಆ ಗುಮ್ಮಟದ ಅಡ್ಡಳತೆ ಸುಮಾರು 31 ಮೀಟರ್. ನಮ್ಮದು ಒಳಗಿನಿಂದ ಸುಮಾರು 38. ನಾನು ಇದನ್ನು ಗೈಡಿಗೆ ಹೇಳಿಯೂಬಿಟ್ಟೆ. "ನಿಮ್ಮದು ಯಾವಾಗ ಕಟ್ಟಿದ್ದು?" ಅಂದರು. 17ನೇ ಶತಮಾನ ಅಂದೆ. "ನಮಗಿಂತ ಸಾವಿರದ ನೂರು ವರ್ಷ ಯೋಚನೆ ಮಾಡಲು ಸಮಯ ಸಿಕ್ಕಿತ್ತು ನಿಮಗೆ" ಅಂದರು. ಏನು ಹೇಳಲಿ?

2024ರ ಜನವರಿಯಿಂದ ಅಲ್ಲಿ ವ್ಯವಸ್ಥೆ ಬೇರೆ. ಕೆಳಗಿನ ನೆಲ ಪ್ರಾರ್ಥನೆಗೆ ಬರುವವರಿಗೆ, ಪ್ರವಾಸಿಗಳಿಗೆ ಬೇರೆ ಬಾಗಿಲಿನಿಂದ ಮೇಲಂತಸ್ತು, 25 ಯೂರೋ ಟಿಕೆಟ್. ಆ ದುಡ್ಡಿಗೆ ನಮ್ಮ ಮನೆಯವರು ಮುಖ ಹುಳಿ ಮಾಡಿದರು. ಕೆಳಗೆ ಬಿಡದ್ದಕ್ಕೆ ನನಗೂ ಕಸಿವಿಸಿ. ಆದರೆ ಮೇಲಿನಿಂದ ಮಾತ್ರ ಕಾಣುವುದು ಒಂದಿದೆ, ಅದನ್ನೇ ಹೇಳಬೇಕು ಅಂತ ಇಲ್ಲಿವರೆಗೆ ಎಳೆದದ್ದು.

ಕಟಾಂಜನ ಹಿಡಿದು ಕೆಳಗೆ ನೋಡಿ. ವಿಶಾಲವಾದ ಹಸಿರು ಜಮಖಾನೆ ಹಾಸಿದ್ದಾರೆ, ಅದರ ಮೇಲೆ ಸಾಲಾಗಿ ನಿಲ್ಲಲು ಗೆರೆಗಳು. ಆ ಗೆರೆಗಳು ಕಟ್ಟಡಕ್ಕೆ ಹೊಂದುವುದಿಲ್ಲ. ಓರೆಯಾಗಿವೆ. ಮೊದಲು ಹಾಸಿದವರ ತಪ್ಪು ಅಂದುಕೊಂಡೆ. ಆಮೇಲೆ ಮುಂದಿನ ಗೋಡೆ ನೋಡಿದೆ: ಚರ್ಚಿನ ಅರ್ಧವೃತ್ತದ ಗರ್ಭಗುಡಿ ನಟ್ಟನಡುವೆ ಇದೆ, ಮೆಕ್ಕಾದ ದಿಕ್ಕು ತೋರಿಸುವ ಗೂಡು, ಅಂದರೆ ಮಿಹ್ರಾಬ್, ಮಾತ್ರ ನಡುವಿಗಿಲ್ಲ, ತುಸು ಬಲಕ್ಕೆ ಸರಿದು, ತುಸು ತಿರುಗಿ ನಿಂತಿದೆ. ಚರ್ಚು ಸೂರ್ಯೋದಯದ ಕಡೆಗೆ ಮುಖ ಮಾಡಿ ಕಟ್ಟಿದ್ದು. ಮೆಕ್ಕಾ ಅಲ್ಲಿಂದ ಇನ್ನಷ್ಟು ದಕ್ಷಿಣಕ್ಕೆ. 1453ರಲ್ಲಿ ಮಸೀದಿಯಾದಾಗ ಅಷ್ಟು ದೊಡ್ಡ ಕಲ್ಲಿನ ಕಟ್ಟಡವನ್ನು ತಿರುಗಿಸಲಾದೀತೇ? ನಿಲ್ಲುವ ಜನ ತಿರುಗಿದರು. ಐನೂರು ಚಿಲ್ಲರೆ ವರ್ಷದ ರಾಜಕೀಯವನ್ನು ಆ ಓರೆ ಗೆರೆ ಹೇಳುವಷ್ಟು ಯಾವ ಫಲಕವೂ ಹೇಳುವುದಿಲ್ಲ. ಅದೇ ಗರ್ಭಗುಡಿಯ ನೆತ್ತಿಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಮೇರಿಯ ಮೊಸಾಯಿಕ್ ಚಿತ್ರವಿದೆ, ಪ್ರಾರ್ಥನೆಯ ಹೊತ್ತಿಗೆ ಅದಕ್ಕೆ ಪರದೆ. ಎಡಬಲಕ್ಕೆ ಅಲ್ಲಾಹ್, ಮಹಮ್ಮದ್ ಅಂತ ಬರೆದ ಬೃಹತ್ ದುಂಡು ಫಲಕಗಳು. ಅವೂ 19ನೇ ಶತಮಾನದ ದುರಸ್ತಿಯಲ್ಲಿ ಬಂದವು.

1935ರಲ್ಲಿ ಇದು ಮ್ಯೂಸಿಯಂ ಆಯಿತು, 2020ರ ಜುಲೈನಲ್ಲಿ ಕೋರ್ಟ್ ತೀರ್ಪಿನ ಮೇಲೆ ಮತ್ತೆ ಮಸೀದಿ. ಗುಂಪಿನಲ್ಲಿದ್ದ ಗ್ರೀಕ್ ದಂಪತಿ ಇದನ್ನು ಕೇಳುವಾಗ ನೆಲ ನೋಡುತ್ತಿದ್ದರು. ಮಲೇಶಿಯಾದ ಒಬ್ಬರು ತಾಯಿ ಕೆಳಗಿನ ನಮಾಜಿಗೆ ಹೋಗಬಹುದೇ ಅಂತ ಕೇಳುತ್ತಿದ್ದರು. ಗೈಡ್ ಇಬ್ಬರ ನಡುವೆ ನಿಂತು ಇಸವಿ ಹೇಳಿದರು, ಅಭಿಪ್ರಾಯ ಹೇಳಲಿಲ್ಲ. ನಾನಾದರೂ ಅಲ್ಲಿ ಅಷ್ಟೇ ಮಾಡುತ್ತಿದ್ದೆ. ನಮ್ಮಲ್ಲಿ ಇಂಥ ಜಾಗಗಳ ಮುಂದೆ ನಿಂತು ಮಾತಾಡುವುದು ಎಷ್ಟು ಕಷ್ಟ ಅಂತ ಇಲ್ಲಿ ಕೂತವರಿಗೆ ಗೊತ್ತು.

ಮೇಲಂತಸ್ತಿನ ಅಮೃತಶಿಲೆಯ ಕಟ್ಟೆಯ ಮೇಲೆ ಒಂದು ಗೀಚು ಇದೆ. ಉತ್ತರದ ವೈಕಿಂಗ್ ಸಿಪಾಯಿಯೊಬ್ಬ ತನ್ನ ರೂನ್ ಲಿಪಿಯಲ್ಲಿ ಕೆತ್ತಿದ ಹೆಸರು, ಹಾಫ್‌ದಾನ್ ಅಂತ ಓದುತ್ತಾರೆ. ಅರ್ಧ ಸವೆದಿದೆ. ಪೂಜೆ ನಡೆಯುತ್ತಿರುವಾಗ ಬೇಸರಕ್ಕೆ ಗೀಚಿರಬೇಕು. ಈಗ ಅದಕ್ಕೆ ಗಾಜಿನ ರಕ್ಷಣೆ, ಮುಂದೆ ಫೋಟೋದವರ ಸಾಲು. ಗೋಲಗುಮ್ಮಟದ ಗೋಡೆಯ ಮೇಲೆ ಬಾಣ ಬಿಟ್ಟ ಹೃದಯದ ಜೊತೆ ಹೆಸರು ಬರೆದ ಎಷ್ಟು ಹುಡುಗರಿಗೆ ನಾನು ಬೈದಿದ್ದೇನೆ! ಬೈಯುವುದನ್ನು ಬಿಡುವುದಿಲ್ಲ, ಆದರೆ ಸಾವಿರ ವರ್ಷ ಬಿಟ್ಟು ಯಾರು ಗಾಜು ಹಾಕುತ್ತಾರೋ.

ಊಟ. ಊಟ ಆದ ಮೇಲೆ, ಕಾರ್ಯಕ್ರಮದ ಪಟ್ಟಿಯಲ್ಲಿ "ಕರಕುಶಲ ಪ್ರಾತ್ಯಕ್ಷಿಕೆ" ಅಂತಿದ್ದದ್ದು ಏನು ಅಂತ ತಿಳಿಯಿತು: ಜಮಖಾನೆ ಅಂಗಡಿ. ಗಾಜಿನ ಲೋಟದಲ್ಲಿ ಸೇಬಿನ ಚಹಾ ಕೊಟ್ಟು, ಕೂರಿಸಿ, ಒಂದಾದ ಮೇಲೊಂದು ಜಮಖಾನೆಯನ್ನು ಗಾಳಿಯಲ್ಲಿ ತಿರುಗಿಸಿ ಕಾಲಬುಡಕ್ಕೆ ಬಿಚ್ಚಿದರು. ಐವತ್ತು ನಿಮಿಷ ಹೋಯಿತು. ಕೊಂಡವರು ಇಲ್ಲ. ಏಳುವಾಗ ಮಾಲೀಕ ಮಾತಾಡಲಿಲ್ಲ. ನಮ್ಮ ಗೈಡ್ ಅಷ್ಟು ಹೊತ್ತೂ ಹೊರಗಿನ ಕಟ್ಟೆಯ ಮೇಲೆ ನಮಗೆ ಬೆನ್ನು ಹಾಕಿ ಕೂತಿದ್ದರು. ಬೆಳಗಿನಿಂದ ಅಷ್ಟು ಮಾತಾಡಿದವರು ಆಗ ಮಾತ್ರ ಕಿವಿಯ ರೇಡಿಯೋ ಬಂದ್ ಮಾಡಿದ್ದರು. ಟೂರ್ ಮಾರಿದ ಕಂಪನಿಯ ಹೆಸರು ಇಲ್ಲಿ ಬೇಡ. ನೀವು ದುಡ್ಡು ಕಟ್ಟುವ ಮೊದಲು ಪಟ್ಟಿಯಲ್ಲಿ "ಪ್ರಾತ್ಯಕ್ಷಿಕೆ" ಅನ್ನುವ ಶಬ್ದ ಇದೆಯೇ ನೋಡಿ, ಇದ್ದರೆ ಅಂಗಡಿ ಇಲ್ಲದ ಟೂರ್ ಯಾವುದು ಅಂತ ಕೇಳಿ. ಕೆಲವು ಕಡೆ ಸಿಗುತ್ತದೆ, ನಾಲ್ಕು ಕಾಸು ಹೆಚ್ಚು.

ಆ ಐವತ್ತು ನಿಮಿಷದ ಪೆಟ್ಟು ಬಿದ್ದದ್ದು ನೆಲದಡಿಯ ನೀರಿನ ತೊಟ್ಟಿಗೆ. ಜಸ್ಟಿನಿಯನ್ನನ ಕಾಲದ್ದೇ. 336 ಕಂಬ, ಸಾಲಿಗೆ ಇಪ್ಪತ್ತೆಂಟರಂತೆ ಹನ್ನೆರಡು ಸಾಲು, ಕಾಲಡಿಯಲ್ಲಿ ನೀರು. ನಮ್ಮ ತಾಜ್ ಬಾವಡಿ ಕಂಡವರಿಗೂ ಉಸಿರು ನಿಲ್ಲುತ್ತದೆ. ಮೇಲಿನ ಮನೆಗಳವರು ನೆಲಮಾಳಿಗೆಯ ತೂತಿನಿಂದ ಬಕೆಟ್ ಇಳಿಸಿ ನೀರು ಸೇದುತ್ತಿದ್ದರು, ಮೀನೂ ಹಿಡಿಯುತ್ತಿದ್ದರು. 16ನೇ ಶತಮಾನದಲ್ಲಿ ಒಬ್ಬ ಫ್ರೆಂಚ್ ವಿದ್ವಾಂಸ ಈ ಮೀನಿನ ಜಾಡು ಹಿಡಿದೇ ತೊಟ್ಟಿಯನ್ನು ಕಂಡ. ಎರಡು ಕಂಬದ ಬುಡದಲ್ಲಿ, ನೋಡಿದವರನ್ನು ಕಲ್ಲು ಮಾಡುವ ಗ್ರೀಕ್ ಪುರಾಣದ ಮೆಡೂಸಾಳ ತಲೆ, ಒಂದು ಅಡ್ಡ, ಒಂದು ತಲೆಕೆಳಗು. ದೃಷ್ಟಿ ತಾಗಬಾರದೆಂದು ಅಂತ ಒಂದು ಕಥೆ. ಹಳೇ ಕಲ್ಲು, ಎತ್ತರಕ್ಕೆ ಸರಿಹೊಂದುವ ಹಾಗೆ ಇಟ್ಟರು ಅಂತ ಇನ್ನೊಂದು. ನನಗೆ ಎರಡನೆಯದೇ ರುಚಿಸಿತು, ಮನೆ ಕಟ್ಟಿಸಿದ ಅನುಭವ. ಇಪ್ಪತ್ತು ನಿಮಿಷಕ್ಕೆ ಹೊರಗೆ.

ಕೊನೆಗೆ ತೋಪ್ಕಾಪಿ ಅರಮನೆಯ ಹೊರಬಾಗಿಲು. ಒಳಗೆ ಹೋಗಲು ಹೊತ್ತಿರಲಿಲ್ಲ. ಅಲ್ಲಿ ನಿಂತಾಗ ನಾನು ಗೈಡಿಗೆ ಕೇಳಿದೆ, "ನಮ್ಮ ಕಡೆಯಿಂದ ಒಂದು ರಾಯಭಾರ ಬಂದಿತ್ತು, ಗೊತ್ತೇ?" ಅವರಿಗೆ ಗೊತ್ತಿರಲಿಲ್ಲ. ಹೇಳಿದೆ: 1786ರಲ್ಲಿ ಟಿಪ್ಪು ಸುಲ್ತಾನ ಗುಲಾಮ್ ಅಲಿ ಖಾನನ ಮುಂದಾಳುತನದಲ್ಲಿ ನೂರಾರು ಜನರನ್ನು ಇಲ್ಲಿಗೆ ಕಳಿಸಿದ. ಹೊರಟದ್ದು ಗೋಕರ್ಣದ ಹತ್ತಿರದ ತದಡಿ ಬಂದರಿನಿಂದ. ಮಸ್ಕತ್, ಬಸ್ರಾ, ಬಾಗ್ದಾದ್ ದಾರಿಯಾಗಿ 1787ರಲ್ಲಿ ಮುಟ್ಟಿದರು. ಸುಲ್ತಾನ ಅಬ್ದುಲ್ ಹಮೀದನಿಗೆ ಆಗ ರಷ್ಯಾದ ಜೊತೆ ಯುದ್ಧದ ತಲೆಬಿಸಿ, ಇವರಿಗೆ ಗೌರವ ಸಿಕ್ಕಿತು, ಸಹಾಯ ಸಿಗಲಿಲ್ಲ. ಪ್ಲೇಗಿಗೆ, ದಾರಿಯ ಕಷ್ಟಕ್ಕೆ ಸತ್ತವರು ಬಹಳ, ಮರಳಿದವರು ಕೆಲವೇ ಮಂದಿ. ಅಘನಾಶಿನಿ ಬಾಯಿಯಲ್ಲಿ ದೋಣಿ ಹತ್ತಿ ಈ ಊರಿನ ಮಣ್ಣಿಗೆ ಸೇರಿದವರಿದ್ದಾರೆ ಅಂದೆ. ಆಕೆ ಫೋನ್ ತೆಗೆದು ತದಡಿ ಅಂತ ಬರೆದುಕೊಂಡರು, ಎರಡು ಸಲ ಅಕ್ಷರ ಕೇಳಿದರು. ಇನ್ನು ಮುಂದೆ ಭಾರತೀಯರ ಗುಂಪು ಹೋದಾಗಲೆಲ್ಲ ಅದನ್ನು ಹೇಳುತ್ತಾರೆ. ಹೇಳುತ್ತ ಹೇಳುತ್ತ ಅದು ಏನಾಗಿ ತಿರುಗುತ್ತದೋ, ಅಲ್ಲಿಯ ಪ್ರೇಮಕಥೆಯೂ ಆಗಬಹುದು.

ಇಷ್ಟು ಹೇಳಿ ನಾನು ಕೂತೆ. ಆಮೇಲೆ ಪ್ರಶ್ನೆಗಳು. ಸಸ್ಯಾಹಾರಿಗಳಿಗೆ ಏನು ಸಿಗುತ್ತದೆ ಅಂತ ಒಬ್ಬ ತಾಯಿ ಕೇಳಿದರು. ಮೆರ್ಜಿಮೆಕ್ ಅಂತ ಕೆಂಪು ಮಸೂರ ಬೇಳೆಯ ಸಾರು ಎಲ್ಲ ಕಡೆ ಸಿಗುತ್ತದೆ, ಆದರೆ ಕೆಲವು ಕಡೆ ಮಾಂಸ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ, ಕೇಳಿಕೊಂಡೇ ಕುಡಿಯಬೇಕು. ಎಳ್ಳು ಮೆತ್ತಿದ ಬಳೆಯಂಥ ಸಿಮಿತ್ ರೊಟ್ಟಿ, ಉಪ್ಪು ಹಾಕಿದ ಮಜ್ಜಿಗೆ ಐರಾನ್, ಇವಕ್ಕೆ ಚಿಂತೆಯಿಲ್ಲ. ನಮ್ಮ ಮನೆಯವರು ಚೀಲದಲ್ಲಿ ಶೇಂಗಾ ಚಟ್ನಿ ಇಟ್ಟುಕೊಂಡಿದ್ದರು, ಸಿಮಿತ್‌ಗೆ ಅದೇ ಹಚ್ಚಿದೆವು.

ಹಿಂದಿನ ಸಾಲಿನಲ್ಲಿ ಕೂತಿದ್ದ, ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರ್ ಒಬ್ಬರು ಕೊನೆಗೆ ಎದ್ದರು. "ಮಾಸ್ತರ್ರ, ಆ ಮೂವತ್ತು, ಮೂವತ್ತೆರಡರ ತಕರಾರು ಐತೆಲ್ಲ, ಅದು ತಕರಾರ ಅಲ್ಲರೀ. ಕಂಬ ನಿಲ್ಲಸಾಕ ಮೂವತ್ತು ದಿನ. ಹಗ್ಗಾ, ಕಟ್ಟಿಗಿ ಬಿಚ್ಚಾಕ ಎರಡ ದಿನ. ಅದನ್ನ ಬಿಲ್ಲಿನ್ಯಾಗ ಬ್ಯಾರೆನ ಹಚ್ಚತಾರ್ರೀ."